ಹ್ಯಾಮ್ ಡೈರಿ 6: ಹಸಿರು ದೀಪ

ಮೊದಲ ಫೋಟೋದಲ್ಲಿರೋ ಡಬ್ಬಿ ಆಲೂರಿನ ನಮ್ಮನೆ ಜಗಲಿಯದ್ದು. ಕೆಂಪು ದೀಪ ಅಂದ್ರೆ ಆನೆ ತೋಟದಲ್ಲಿದೆ, ಹಸಿರು ಅಂದ್ರೆ ದಾಟಿ ಹೋಗಿದೆ, ಹಳದಿ ಅಂದ್ರೆ ಗೊತ್ತಿಲ್ಲ. ಅರಣ್ಯ ಇಲಾಖೆಯವರ ಮೆಸೇಜ್ ಬರುತ್ತೆ, ಆದ್ರೆ ನಮ್ಮನೆ ಇರೋ ಕಣಿವೆಗೆ ನೆಟ್‌ವರ್ಕ್ ಇಳಿಯಲ್ಲ. ಅದಕ್ಕೇ ಈ ಏರ್ಪಾಡು: ಸಕಲೇಶಪುರದ ಕಡೆ ಇರೋ ಗೆಳೆಯ (ಅವನಿಗೂ ಹ್ಯಾಮ್ ಲೈಸೆನ್ಸ್ ಇದೆ) ಬಟನ್ ಒತ್ತುತ್ತಾನೆ, ಅವನ ರೇಡಿಯೋ ಹತ್ತು ನಿಮಿಷಕ್ಕೊಮ್ಮೆ ಸುದ್ದಿ ಕಳಿಸುತ್ತೆ, ನಡುಗುಡ್ಡದ ಮೇಲಿರೋ ನನ್ನ ಸೋಲಾರ್ ಡಬ್ಬಿ ಅದನ್ನ ಮನೆಗೆ ದಾಟಿಸುತ್ತೆ.

"ಎನ್‌ಕ್ರಿಪ್ಟ್ ಮಾಡಿಲ್ವಾ ಮಗಾ?" ಅಂತ ಕ್ಲಾಸಲ್ಲಿ ಎಲ್ರೂ ಕೇಳ್ತಾರೆ. ಮಾಡೋ ಹಾಗಿಲ್ಲ. ಹ್ಯಾಮ್ ಬ್ಯಾಂಡಲ್ಲಿ ಅರ್ಥ ಮರೆಮಾಚಿ ಮಾತಾಡಬಾರದು. ಯಾರು ಕೇಳಿದ್ರೂ ತಿಳಿಯೋ ಹಾಗಿರಬೇಕು. ಆದ್ರೆ ಸುದ್ದಿ ನಮ್ಮವರದ್ದೇ ಅಂತ ಗುರುತು ಹಾಕಬಹುದು. ಕಾಗದ ಬಿಚ್ಚೇ ಇಟ್ಟು ಕೆಳಗೆ ಸಹಿ ಮಾಡಿದ ಹಾಗೆ. ಅದಕ್ಕೆ ಎಚ್‌ಮ್ಯಾಕ್ ಬಳಸಿದೆ. ಹಳೇ ಸುದ್ದಿ ಮತ್ತೆ ಬಂದ್ರೆ ತಿರಸ್ಕರಿಸೋಕೆ ಪ್ರತಿ ಸುದ್ದಿಗೂ ಒಂದು ನಂಬರ್. ಕೊನೆಗೆ ಒಪ್ಪಿದ ನಂಬರ್‌ಗಿಂತ ದೊಡ್ಡದಿದ್ರೆ ಮಾತ್ರ ಒಪ್ಪು. ಪುಸ್ತಕದಲ್ಲಿ ಹೇಳಿದ್ದೆಲ್ಲಾ ಮಾಡಿದ್ದೆ, ಸ್ವಲ್ಪ ಜಂಬನೂ ಇತ್ತು.

ಜುಲೈ. ಮೂರು ದಿನ ಬಿಸಿಲೇ ಇಲ್ಲ. ಸಂಜೆ ಗುಡ್ಡದ ಬ್ಯಾಟರಿ ಸತ್ತು ಹೋಯ್ತು, ರಾತ್ರಿ ಗಾಳಿಗೆ ಮನೆ ಕರೆಂಟೂ ಹೋಯ್ತು. ನಡುರಾತ್ರಿ ಆನೆಗಳು ವಾಪಸ್ ಬಂದ್ವು. ಗೆಳೆಯ ಕೆಂಪು ಒತ್ತಿದ, ಆದ್ರೆ ದಾಟಿಸೋಕೆ ಡಬ್ಬಿ ಎಲ್ಲಿದೆ?

ಬೆಳಿಗ್ಗೆ ಕರೆಂಟ್ ಬಂತು, ದೀಪ ಹಳದಿ. ಎಂಟರ ಹೊತ್ತಿಗೆ ಬಿಸಿಲು ಬಿದ್ದು ಗುಡ್ಡದ ಡಬ್ಬಿ ಎದ್ದಿತು. ಎದ್ದ ತಕ್ಷಣ ಕೊನೆಗೆ ಕೇಳಿದ ಸುದ್ದೀನ ಇನ್ನೊಂದ್ಸಲ ಕಳಿಸಲಿ ಅಂತ ನಾನೇ ಬುದ್ಧಿವಂತಿಕೆಯಿಂದ ಬರೆದಿದ್ದೆ. ಹಿಂದಿನ ಸಂಜೆಯ 'ದಾಟಿ ಹೋಗಿದೆ' ಬಂತು. ದೀಪ ಹಸಿರು!

ರಾತ್ರಿ ಬಿದ್ದ ಸಿಲ್ವರ್ ಓಕ್ ನೋಡೋಕೆ ಚಿಕ್ಕಪ್ಪ ಕತ್ತಿ ಹಿಡ್ಕೊಂಡು ಹೊರಟರು. ಆರೇಳು ನಿಮಿಷಕ್ಕೆ ಗೆಳೆಯನ ಹೊಸ ಸುದ್ದಿ ಬಂದು ದೀಪ ಕೆಂಪಾಯ್ತು. ನಾನು ಕೂಗಿಕೊಂಡು ಓಡಿದೆ. ಅವರು ಅರ್ಧ ದಾರೀಲೇ ನಿಂತಿದ್ರು. ಬೈನೆ ಮರ ಸೀಳೋ ಸದ್ದು ಕೇಳಿಸಿತ್ತಂತೆ. ಸುಮಾರು ಐವತ್ತು ಅಡಿ ದೂರ. ಇಬ್ಬರೂ ಮಾತಾಡದೆ ಹಿಂದಕ್ಕೆ ಬಂದ್ವಿ.

ಕಳ್ಳ ಯಾರೂ ಇರಲಿಲ್ಲ. ಸಹಿ ನೂರಕ್ಕೆ ನೂರು ಸರಿ. ನಂಬರ್ ಮಾತ್ರ ರ‍್ಯಾಮಲ್ಲಿತ್ತು. ಸಿ ಭಾಷೆಯಲ್ಲಿ ಗ್ಲೋಬಲ್ ವೇರಿಯಬಲ್ ಹುಟ್ಟೋದೇ ಸೊನ್ನೆಯಿಂದ. ಕರೆಂಟ್ ಹೋಗಿ ಬಂದ ಮೇಲೆ ಯಾವ ಹಳೇ ನಂಬರ್ ಆದ್ರೂ ಅದಕ್ಕಿಂತ ದೊಡ್ಡದೇ. ಎನ್‌ಕ್ರಿಪ್ಟ್ ಮಾಡಿದ್ರೂ ಇದೇ ಆಗ್ತಿತ್ತು, ಮುಚ್ಚಿದ ಲಕೋಟೆನೂ ಹಳೇದಾಗಿರಬಹುದಲ್ವಾ? 2010ರಲ್ಲಿ ಪ್ಲೇಸ್ಟೇಷನ್ 3ರ ಬೀಗ ಬಿಚ್ಚಿದ್ದೂ ಇಂಥದ್ದೇ ಜಾಗದಲ್ಲಿ. ಗಣಿತ ಗಟ್ಟಿಯಾಗಿತ್ತು, ಪ್ರತಿ ಸಹಿಗೂ ಹೊಸದಾಗಿ ಬರಬೇಕಿದ್ದ ಸಂಖ್ಯೆ ಮಾತ್ರ ಒಂದೇ ಆಗಿತ್ತು.

ಸರಿ, ಈಪ್ರಾಮಲ್ಲಿ ಬರೆದಿಟ್ಟರೆ ಆಯ್ತು ಅಂದ್ಕೊಂಡೆ. ಅಲ್ಲೂ ತಕರಾರು. ನನ್ನ ಚಿಪ್‌ನ ಈಪ್ರಾಮ್‌ಗೆ 1 ಲಕ್ಷ ಸಲ ಬರೆಯೋವರೆಗೆ ಮಾತ್ರ ಖಾತ್ರಿ. ದಿನಕ್ಕೆ 144 ಸಲ ಅಂದ್ರೆ ಎರಡು ವರ್ಷಕ್ಕೂ ಮೊದಲೇ ಮುಗೀತು. ಅದಕ್ಕೆ 16 ಜಾಗಗಳಲ್ಲಿ ಸರದಿ ಪ್ರಕಾರ ಬರೀತೀನಿ. ನಾಲ್ಕು ಬೈಟ್ ಬರೆಯೋವಾಗ ಎರಡನೇ ಬೈಟಿಗೇ ಕರೆಂಟ್ ಹೋದ್ರೆ? ಅದಕ್ಕೆ ಜೊತೆಗೊಂದು ಚೆಕ್‌ಸಮ್. ತಾಳೆಯಾಗದಿದ್ರೆ ಹಿಂದಿನ ಜಾಗದ ನಂಬರ್. ಗುಡ್ಡದ ಡಬ್ಬಿಯ ಆ 'ಬುದ್ಧಿವಂತಿಕೆ'ಯ ಸಾಲನ್ನಂತೂ ಅಳಿಸಿಯೇ ಬಿಟ್ಟೆ. ಈಗ ಮನೆಯಲ್ಲಿ ದಿನಾ ಒಂದ್ಸಲ ಪ್ಲಗ್ ಕಿತ್ತು, ಹಳೇ ಸುದ್ದಿ ಕಳಿಸಿ ನೋಡ್ತೀನಿ. ಹಳದಿಯಲ್ಲೇ ಇರಬೇಕು.

ಚಿಕ್ಕಪ್ಪನಿಗೆ ಈ ಕೋಡ್ ಎಲ್ಲಾ ಬೇಡ. ಹಸಿರು ಕಂಡ್ರೂ ಅಂಗಳದ ತುದೀಲಿ ಬೀಡಿ ಹಚ್ಚಿ, ಅದು ಮುಗಿಯೋವರೆಗೂ ತೋಟದ ಕಡೆ ಕಿವಿ ಕೊಟ್ಟು ನಿಲ್ತಾರೆ. ಆಮೇಲೆ ಒಳಗಿರೋ ನನ್ನ ಕೂಗಿ ಕೇಳ್ತಾರೆ: "ಏನೋ, ನಿನ್ನ ಡಬ್ಬಿಗೆ ನಿನ್ನೇದು ನೆನಪಿದ್ಯೇನೋ ಇವತ್ತು?"