ಸಂಬಳವಿಲ್ಲದ ರೈಲು

ಬೇಸಿಗೆಯ ಒಂದು ಸಂಜೆ ಚಳ್ಳಕೆರೆ ರೈಲು ನಿಲ್ದಾಣದ ಬೆಂಚಿನ ಮೇಲೆ ಮೂವರು ಕುಳಿತಿದ್ದರು. ತಾತ, ಮಗ, ಮೊಮ್ಮಗ. ಬಳ್ಳಾರಿ ಕಡೆಯಿಂದ ಬರಬೇಕಿದ್ದ ಗಾಡಿ ಎಂದಿನಂತೆ ತಡವಾಗಿತ್ತು. ತಾತ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ದುಡಿದು ನಿವೃತ್ತರಾದವರು. ಮಗನದು ಶೇಂಗಾ ವ್ಯಾಪಾರ. ಮೊಮ್ಮಗ ಒಂಬತ್ತನೇ ತರಗತಿ ಮುಗಿಸಿ ಎಸ್ಸೆಸ್ಸೆಲ್ಸಿಯ ಹೊಸ್ತಿಲಲ್ಲಿ ನಿಂತ ಹುಡುಗ.

ಮೂವರ ನಡುವೆ ಮಾತಿರಲಿಲ್ಲ. ಕಾರಣವಿತ್ತು. ಮೊಳಕಾಲ್ಮೂರು ಕಡೆಯ ಹಟ್ಟಿಯಿಂದ ಹುಡುಗನ ಸೋದರಮಾವ ಹೇಳಿಕಳಿಸಿದ್ದರು. ದೇವರ ಎತ್ತುಗಳಿಗೆ ಮೇವಿಲ್ಲ, ಭಾನುವಾರಗಳಂದು ಹುಡುಗರೆಲ್ಲ ಸೇರಿ ಊರೂರು ಸುತ್ತಿ ಮೇವು ಕೂಡಿಸುತ್ತಿದ್ದಾರೆ, ಇವನೂ ಬರಲಿ ಎಂದು. ಹುಡುಗನಿಗೆ ಹೋಗುವ ಆಸೆ. ಅಪ್ಪನದು ಒಂದೇ ಮಾತು.

"ಭಾನುವಾರ ಟ್ಯೂಷನ್ ಇದೆ. ಬಿಟ್ಟಿ ಕೆಲಸಕ್ಕೆ ಯಾರೂ ಮಾರ್ಕ್ಸ್ ಕೊಡಲ್ಲ."

ಸ್ವಲ್ಪ ಹೊತ್ತಿನ ಮೇಲೆ ಹುಡುಗ ಮೆಲ್ಲಗೆ, "ಅಪ್ಪಾ, ಬಿಟ್ಟಿ ಕೆಲಸದವರೇ ರೈಲು ಓಡಿಸ್ತಾರೆ, ಗೊತ್ತಾ?" ಎಂದ.

ಅಪ್ಪನಿಗೆ ನಗು ಬಂತು. "ಸಂಬಳ ಇಲ್ದೆ ಯಾವನಯ್ಯಾ ರೈಲು ಓಡಿಸ್ತಾನೆ?"

ಹುಡುಗ ಶಾಲಾ ಪ್ರವಾಸದಲ್ಲಿ ಮೈಸೂರಿನ ರೈಲು ವಸ್ತುಸಂಗ್ರಹಾಲಯ ನೋಡಿ ಬಂದಿದ್ದ. 1979ರಲ್ಲಿ ಆರಂಭವಾದ ಆ ಜಾಗದಲ್ಲಿ ಉಗಿ ಎಂಜಿನ್‌ಗಳು ತಣ್ಣಗೆ ನಿಂತಿವೆ. ಇವು ಮತ್ತೆ ಓಡುವುದೇ ಇಲ್ಲವೇ ಎಂಬ ಪ್ರಶ್ನೆ ಅವನ ತಲೆ ಹೊಕ್ಕಿತ್ತು. ಶಾಲೆಯ ಗ್ರಂಥಾಲಯದ ಪುಸ್ತಕವೊಂದರಲ್ಲಿ ಉತ್ತರ ಸಿಕ್ಕಿತ್ತು.

ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ಟಾಲಿಲಿನ್ ಎಂಬ ಪುಟ್ಟ ರೈಲು ಮಾರ್ಗವಿದೆ. ಹಳಿಗಳ ನಡುವಿನ ಅಂತರ ಎರಡು ಅಡಿ ಮೂರು ಅಂಗುಲ. 1865ರಲ್ಲಿ ಹಾಸುಗಲ್ಲಿನ ಗಣಿಗಾಗಿ ಹುಟ್ಟಿದ ದಾರಿ ಅದು. 1946ರ ಕೊನೆಯಲ್ಲಿ ಗಣಿ ಕುಸಿದು ಮುಚ್ಚಿತು. ಆದರೂ ಮಾಲೀಕ ಹೇಡನ್ ಜೋನ್ಸ್ ಹಟ ಹಿಡಿದು ರೈಲು ಓಡಿಸಿದ. 1950ರಲ್ಲಿ ಆತ ತೀರಿಕೊಂಡಾಗ ಇದ್ದ ಎರಡು ಎಂಜಿನ್‌ಗಳಲ್ಲಿ ಒಂದು ಮಾತ್ರ ಓಡುವ ಸ್ಥಿತಿಯಲ್ಲಿತ್ತು. ಆಗ ಟಾಮ್ ರೋಲ್ಟ್ ಎಂಬ ಲೇಖಕ ಮತ್ತು ಗೆಳೆಯರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಭೆ ಕರೆದು ಒಂದು ಸಂಘ ಕಟ್ಟಿದರು. 1951ರ ಮೇ 14ರಂದು ಸ್ವಯಂಸೇವಕರ ಮೊದಲ ರೈಲು ಹೊರಟಿತು. ಇಂಥ ಸಂಘವೊಂದು ರೈಲನ್ನು ಉಳಿಸಿ ಓಡಿಸಿದ್ದು ಜಗತ್ತಿನಲ್ಲೇ ಅದು ಮೊದಲು.

"ಸರಿ, ಲೆಕ್ಕ ಯಾರ ಹತ್ತಿರ ಇರುತ್ತೆ?" ವ್ಯಾಪಾರಿಯ ಮೊದಲ ಪ್ರಶ್ನೆ.

ಹುಡುಗ ಬೆರಳು ಮಡಿಚುತ್ತ ಹೇಳಿದ. ಹಳಿ, ಎಂಜಿನ್, ಕಾನೂನಿನ ಹೊಣೆ ಎಲ್ಲ ಒಂದು ಕಂಪನಿಯ ಹೆಸರಿನಲ್ಲಿ. ಆ ಕಂಪನಿಯ ಮೇಲೆ ಹತೋಟಿ ಸಂಘದ್ದು. ಚಂದಾ ಕೊಟ್ಟವರೆಲ್ಲ ಸಂಘದ ಸದಸ್ಯರು. ಅವರು ಮತ ಹಾಕಿ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ವರ್ಷಕ್ಕೊಮ್ಮೆ ಸಭೆ ಸೇರಿದಾಗ ಲೆಕ್ಕಪತ್ರ ಎಲ್ಲರ ಮುಂದೆ ಬರಬೇಕು. ದಿನವೂ ಇದ್ದು ನೋಡಿಕೊಳ್ಳಲು ಕೆಲವರಿಗೆ ಸಂಬಳ ಉಂಟು. ಉಳಿದವರು ರಜೆಯಲ್ಲಿ ಬಂದು ದುಡಿಯುವವರು. ಅವರಲ್ಲಿ ಮಾಸ್ತರರು, ಗುಮಾಸ್ತರು, ವಿದ್ಯಾರ್ಥಿಗಳು ಎಲ್ಲ ಇರುತ್ತಾರೆ.

"ರಜೆಯಲ್ಲಿ ಬಂದವನ ಕೈಗೆ ಬಾಯ್ಲರ್ ಕೊಟ್ಟರೆ ಜನ ಉಳಿತಾರಾ?"

ಇದಕ್ಕೆ ಹುಡುಗನ ವಿಜ್ಞಾನದ ಪಾಠ ನೆರವಿಗೆ ಬಂತು. ಒಂದು ಲೀಟರ್ ನೀರು ಕುದಿದು ಉಗಿಯಾದರೆ ಬಯಲಿನಲ್ಲಿ 1,600 ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಅದನ್ನು ಉಕ್ಕಿನ ಪಾತ್ರೆಯಲ್ಲಿ ಬಿಗಿದಿಟ್ಟರೆ ಎಂಥ ಒತ್ತಡವಾದೀತು! ಹಾಗಾಗಿಯೇ ಬಂದವನಿಗೆ ಮೊದಲು ಸಿಗುವುದು ಎಂಜಿನ್ ಒರೆಸುವ ಬಟ್ಟೆ. ಆಮೇಲೆ ಬೆಂಕಿ ಹಾಕುವವನು, ವರ್ಷಗಟ್ಟಲೆ ಕಲಿತು ಪರೀಕ್ಷೆ ಪಾಸಾದ ಮೇಲೆ ಚಾಲಕ. ಕೆಲಸ ಬಿಟ್ಟಿಯದಾದರೂ ನಿಯಮ ಬಿಟ್ಟಿಯದಲ್ಲ.

ಥಾಮಸ್ ಎಂಜಿನ್ ಕಥೆಗಳನ್ನು ಬರೆದ ಪಾದ್ರಿ ಆಡ್ರಿಯವರೂ ಅಲ್ಲಿ ಸ್ವಯಂಸೇವಕ ಗಾರ್ಡ್ ಆಗಿದ್ದರು. ಒಮ್ಮೆ ತಿಂಡಿ ಮಾರುವ ಹೆಂಗಸು ಹತ್ತುವ ಮೊದಲೇ ನಿಶಾನೆ ಬೀಸಿ, ಆಕೆಯನ್ನು ನಿಲ್ದಾಣದಲ್ಲೇ ಬಿಟ್ಟು ಗಾಡಿ ಹೊರಡಿಸಿಬಿಟ್ಟರು. ಕೊನೆಗೆ ಅದೂ ಅವರ ಕಥೆಯಾಯಿತು.

ಈಗ ತಾತ ಬಾಯಿಬಿಟ್ಟರು. "ನಮ್ಮ ಡಾರ್ಜಿಲಿಂಗ್ ರೈಲು?"

ಅದರ ವ್ಯವಸ್ಥೆ ಬೇರೆ. ಡಾರ್ಜಿಲಿಂಗ್ 1999ರಲ್ಲಿ, ನೀಲಗಿರಿ 2005ರಲ್ಲಿ, ಕಾಲ್ಕಾ-ಶಿಮ್ಲಾ 2008ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಮೂರನ್ನೂ ಓಡಿಸುವುದು ಭಾರತೀಯ ರೈಲ್ವೆಯೇ. ಅಭಿಮಾನಿಗಳ ಸಂಘಗಳು ಹೊರಗಿನಿಂದ ಬೆಂಬಲಕ್ಕೆ ನಿಲ್ಲುತ್ತವೆ. ಡಾರ್ಜಿಲಿಂಗ್ ರೈಲಿಗಾಗಿ ಬ್ರಿಟನ್ನಿನಲ್ಲಿ 1997ರಲ್ಲೇ ಅಂಥ ಸಂಘ ಹುಟ್ಟಿದೆ.

"ಒಂದು ಮಾತು ನೆನಪಿಟ್ಕೋ," ಎಂದರು ತಾತ. "ಹಳಿ ಸರಿಯಿದೆಯೋ ಇಲ್ಲವೋ ನೋಡೋ ಸುರಕ್ಷತಾ ಆಯುಕ್ತರು ರೈಲ್ವೆ ಮಂತ್ರಾಲಯದ ಕೈಕೆಳಗಿಲ್ಲ, ವಿಮಾನಯಾನ ಮಂತ್ರಾಲಯದ ಕೆಳಗಿದ್ದಾರೆ. ಯಾಕೆ ಹೇಳು? ಓಡಿಸೋನೂ ತಪ್ಪು ಹುಡುಕೋನೂ ಒಬ್ಬನೇ ಆಗಬಾರದು."

ಆಮೇಲೆ ಮಗನ ಕಡೆ ತಿರುಗಿದರು. "ನೀನು ವೇಲ್ಸಿನ ಕಥೆಗೆ ತಲೆದೂಗಿದೆ. ನಮ್ಮ ದೇವರ ಎತ್ತು ಏನು ಮತ್ತೆ? ಉಳುಮೆಗೆ ಕಟ್ಟಲ್ಲ, ಸಂತೆಗೆ ಹೊಡೆಯಲ್ಲ. ಕಿಲಾರಿ ವ್ರತ ಹಿಡಿದೋನ ಹಾಗೆ ಅವುಗಳ ಹಿಂದೆ ಕಾವಲು ಸುತ್ತುತ್ತಾನೆ. ತೀರ್ಮಾನಕ್ಕೆ ಕಟ್ಟೆಮನೆ ಐತೆ. ಮೇವು ಕೊಡೋಕೆ ಯಾವ ಜಾತಿಯೋನಾದ್ರೂ ಆಗಬಹುದು. ಸಂಘ ಅನ್ನೋ ಹೆಸರು ಇರಲಿಲ್ಲ, ಅಷ್ಟೇ. ರೈಲು ಕೆಟ್ಟರೆ ರಿಪೇರಿಗೆ ಹತ್ತು ವರ್ಷ ಕಾಯುತ್ತೆ. ಎತ್ತು ಹತ್ತು ದಿನ ಉಪವಾಸ ಕಾಯುತ್ತಾ?"

ಅಪ್ಪ ಮಾತಾಡಲಿಲ್ಲ. ದೂರದಲ್ಲಿ ಗಾಡಿಯ ದೀಪ ಕಂಡಿತು. ಜನ ಗಂಟುಮೂಟೆ ಎತ್ತಿಕೊಂಡು ಎದ್ದರು.

"ಮೇವಿಗೆ ಬಂದ ದುಡ್ಡು ಯಾರ ಹತ್ತಿರ ಇದೆ?" ಅಪ್ಪ ಕೇಳಿದ.

"ಮಾವನ ಹತ್ತಿರ. ಅಂಗಿ ಜೇಬಲ್ಲಿ ಚೀಟಿ ಬರೆದು ಇಟ್ಕೊಂಡಿದ್ದಾರೆ."

"ಜೇಬಲ್ಲಿ!" ಅಪ್ಪ ಹಣೆ ಚಚ್ಚಿಕೊಂಡ. "ಅಂಗಿ ಒಗೆದರೆ ಲೆಕ್ಕ ಹೋಯ್ತು. ನಾಳೆ ಮಾರ್ಗಪ್ರಶ್ನೆಗೆ ಜನ ಬಂದರೆ ಏನು ತೋರಿಸ್ತಾನೆ? ಕೊಟ್ಟೋನಿಗೆ ರಸೀದಿ ಬೇಡವೇ?"

ಗಾಡಿ ಬಂದು ನಿಂತಿತು. ಇಳಿಯುವವರ ನೂಕುನುಗ್ಗಲಿನಲ್ಲಿ ಅಪ್ಪ ಮಗನ ಭುಜ ಹಿಡಿದು ಹೇಳಿದ.

"ಭಾನುವಾರ ಬೆಳಿಗ್ಗೆ ಟ್ಯೂಷನ್ ಮುಗಿಸು. ಹನ್ನೊಂದು ಗಂಟೆಯ ಬಸ್ಸಿಗೆ ನಾನೂ ಬರ್ತೀನಿ. ಅಂಗಡಿಯಲ್ಲಿ ಹೊಸ ಖಾತೆ ಪುಸ್ತಕ ಇದೆ, ಮರೆಯದೆ ತಗೊಂಡು ಬಾ."