ಎಡೆಯ ಮುಂದೆ ಒಂದು ಮಗು

ಉಣ್ಣುವುದು ಯಾರೂ ಕಲಿಸದೆ ಬರುವ ವಿದ್ಯೆಯೆಂದು ನಾವೆಲ್ಲರೂ ನಂಬಿದ್ದೇವೆ. ಹುಟ್ಟಿದ ಶಿಶು ತಾಯಿಯ ಮೊಲೆಯನ್ನು ತಾನಾಗಿಯೇ ಅರಸುತ್ತದೆ; ಆರೇಳು ತಿಂಗಳಾಗುತ್ತಲೇ ದೊಡ್ಡವರ ತಟ್ಟೆಗೆ ಕೈಚಾಚುತ್ತದೆ. ಹೀಗೆ ನಂಬಿರುವುದರಿಂದಲೇ, ಉಣ್ಣಲಾರದ ಮಗುವೊಂದು ಮನೆಯಲ್ಲಿ ಹುಟ್ಟಿದಾಗ ನಮಗೆ ದಿಕ್ಕು ತೋಚದಂತಾಗುತ್ತದೆ. ತಪ್ಪನ್ನು ಹೊರಿಸಲು ಒಂದು ಹೆಗಲನ್ನು ಹುಡುಕುತ್ತೇವೆ. ಬಹುಮಟ್ಟಿಗೆ ಅದು ತಾಯಿಯ ಹೆಗಲೇ ಆಗಿರುತ್ತದೆ. ಅಂತಹ ಒಂದು ಮಗುವಿನ ಜೊತೆಯಲ್ಲಿ ಮೂರು ವರ್ಷ ಊಟಕ್ಕೆ ಕುಳಿತವನು ನಾನು. ಕಂಡುದನ್ನು ಸಮಾಜ ಬಾಂಧವರ ಮುಂದಿಟ್ಟರೆ ಯಾವುದಾದರೊಂದು ಮನೆಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಶ್ರೀರಂಗಪಟ್ಟಣದ ಬಳಿ, ಕರಿಘಟ್ಟದ ಬೆಟ್ಟ ಕಾಣುವಷ್ಟು ದೂರದಲ್ಲಿ, ಲೋಕಪಾವನಿಯು ಕಾವೇರಿಯನ್ನು ಕೂಡುವ ಸೀಮೆಯಲ್ಲಿ ನಮ್ಮ ಮನೆ. ಮಠದ ಪಾಠಶಾಲೆಯಲ್ಲಿ ಓದಿ, ಅಲ್ಲಿಯೇ ಕೆಲವು ಕಾಲ ಪಾಠ ಹೇಳಿ, ಈಗ ತಮ್ಮನ ಸಂಸಾರದೊಡನೆ ಇದ್ದೇನೆ. ಭತ್ತ, ಕಬ್ಬು, ರಾಗಿ ಬೆಳೆಯುವ ಮನೆ. ಬಂದವರಿಗೆ ಅನ್ನಕ್ಕೆ ಕೊರತೆಯಿಲ್ಲ. ಆ ಮನೆಯಲ್ಲಿ ತಮ್ಮನ ಮೊಮ್ಮಗಳು ತಿಂಗಳು ತುಂಬಿಯೇ ಹುಟ್ಟಿದರೂ ಒಂದೂವರೆ ಕಿಲೋ ತೂಗಿದಳು. ಹಾಲು ಎಳೆದುಕೊಳ್ಳುವ ಶಕ್ತಿಯಿರಲಿಲ್ಲ. ಹಸಿವೆಂದು ಅಳುತ್ತಲೂ ಇರಲಿಲ್ಲ. ಅಗಲವಾದ ಹಣೆ, ಮೊನಚಾದ ಗಲ್ಲ, ಒಳಕ್ಕೆ ಬಾಗಿದ ಕಿರುಬೆರಳು. ಊರಿನ ಹಿರಿಯ ಹೆಂಗಸರು ಬಾಲಗ್ರಹವೆಂದರು, ದೃಷ್ಟಿಯೆಂದರು, ನೀವಾಳಿಸಿದರು. ತಮ್ಮನ ಹೆಂಡತಿ ಅಟ್ಟದ ಮೇಲಿದ್ದ ಹಳೆಯ ಬೆಳ್ಳಿಯ ಒಳಲೆಯನ್ನು ಇಳಿಸಿ, ಹುಳಿ ಹಾಕಿ ಉಜ್ಜಿ ತೊಳೆದಿಟ್ಟಳು. ಆ ಒಳಲೆಯಲ್ಲಿ ಹಾಲು ಕುಡಿದು ಬೆಳೆದ ಮಕ್ಕಳು ನಮ್ಮ ಮನೆತನದಲ್ಲಿ ನಾಲ್ಕು ತಲೆಮಾರಿನವರು.

ವೈದ್ಯರು ಪರೀಕ್ಷೆಗಳನ್ನು ಮಾಡಿಸಿ ರೋಗಕ್ಕೆ ಹೆಸರು ಹೇಳಿದರು: ಸಿಲ್ವರ್-ರಸೆಲ್ ಸಿಂಡ್ರೋಮ್. 1953ರಲ್ಲಿ ಅಮೆರಿಕೆಯ ಹೆನ್ರಿ ಸಿಲ್ವರ್ ಮತ್ತು ಅವರ ಸಂಗಡಿಗರು, 1954ರಲ್ಲಿ ಇಂಗ್ಲೆಂಡಿನ ಅಲೆಕ್ಸಾಂಡರ್ ರಸೆಲ್, ಇಂತಹ ಮಕ್ಕಳನ್ನು ಕುರಿತು ಬೇರೆಬೇರೆಯಾಗಿ ಬರೆದುದರಿಂದ ಬಂದ ಹೆಸರು ಅದು. ಗರ್ಭದಲ್ಲಿಯೇ ಬೆಳವಣಿಗೆ ಕುಂಠಿತವಾಗುತ್ತದೆ. ಹುಟ್ಟಿದ ಮೇಲೂ ಮೈ ಹಿಡಿಯುವುದಿಲ್ಲ. ಹಸಿವು ತೀರ ಕಡಿಮೆ. 11ನೆಯ ಅಥವಾ 7ನೆಯ ವರ್ಣತಂತುವಿನಲ್ಲಿ ಆಗುವ ವ್ಯತ್ಯಾಸವೇ ಅನೇಕರಲ್ಲಿ ಕಾರಣ. ಕೆಲವರಲ್ಲಿ ಕಾರಣ ಸಿಕ್ಕುವುದೇ ಇಲ್ಲ. ಬಸುರಿಯಾಗಿದ್ದಾಗ ತಾಯಿ ಏನು ತಿಂದಳು, ಏನು ಬಿಟ್ಟಳು ಎಂಬುದರಿಂದ ಇದು ಬರುವುದಲ್ಲ. ಈ ಒಂದು ಮಾತನ್ನು ವೈದ್ಯರು ಮನೆಯವರೆಲ್ಲರನ್ನೂ ಕೂರಿಸಿಕೊಂಡು ಹೇಳಿದರು. ಮಗುವಿನ ತಾಯಿ ಆ ದಿನ ತಲೆಯೆತ್ತಿ ನೋಡಿದ್ದನ್ನು ನಾನು ಕಂಡೆ.

ಮಗುವಿನ ಮೂಗಿನಿಂದ ಹೊಟ್ಟೆಗೆ ತೆಳುವಾದ ನಳಿಕೆಯೊಂದನ್ನು ಇಳಿಸಿದರು. ಸಿರಿಂಜಿನಲ್ಲಿ ಹಾಲು ತುಂಬಿ, ಎತ್ತರಕ್ಕೆ ಹಿಡಿದು, ಮೆಲ್ಲಮೆಲ್ಲನೆ ಇಳಿಬಿಡಬೇಕು. ಬಹುಕಾಲ ಬೇಕಾಗುವ ಮಕ್ಕಳಿಗೆ ಹೊಟ್ಟೆಯ ಮೇಲೆಯೇ ಸಣ್ಣ ರಂಧ್ರ ಮಾಡಿ ನಳಿಕೆ ಕೂಡಿಸುವುದೂ ಉಂಟು. ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯದೆ ಇದನ್ನು ಮಾಡುವ ಸುಲಭ ಕ್ರಮವನ್ನು 1979ರಲ್ಲಿ ಅಮೆರಿಕೆಯ ಕ್ಲೀವ್‌ಲ್ಯಾಂಡ್ ನಗರದಲ್ಲಿ ಮೈಕೆಲ್ ಗಾಡರರ್ ಮತ್ತು ಜೆಫ್ರಿ ಪಾನ್ಸ್ಕಿ ಎಂಬ ವೈದ್ಯರು ಮೊದಲು ನಡೆಸಿದರು. ನಮ್ಮ ಮಗುವಿಗೆ ಅದರ ಅವಶ್ಯಕತೆ ಬರಲಿಲ್ಲ.

ನಳಿಕೆಯನ್ನು ಕಂಡು ಮರುಗಿದವರೇ ಎಲ್ಲರೂ. ಆದರೆ ಆ ನಳಿಕೆ ಮಗುವಿನ ಪ್ರಾಣವನ್ನು ಉಳಿಸಿತು. ಇಂತಹ ಮಕ್ಕಳಲ್ಲಿ ಸಕ್ಕರೆಯ ಸಂಗ್ರಹ ಅತ್ಯಲ್ಪ. ನಾಲ್ಕಾರು ಗಂಟೆ ಹೊಟ್ಟೆ ಬರಿದಾದರೆ ರಕ್ತದ ಸಕ್ಕರೆ ಕುಸಿದು ಮೈ ಬೆವರಿ, ಪ್ರಜ್ಞೆ ತಪ್ಪಿ, ಮಿದುಳಿಗೆ ಪೆಟ್ಟು ಬೀಳಬಹುದು. ಆದ್ದರಿಂದ ರಾತ್ರಿಯೂ ಅಲಾರಂ ಇಟ್ಟುಕೊಂಡು ಎದ್ದು ಹಾಲು ಬಿಡಬೇಕಾಗಿತ್ತು. ಬಂಧುಗಳ ಮದುವೆಯೊಂದರಲ್ಲಿ ಒಬ್ಬ ಹಿರಿಯರು, "ಆ ಪೈಪು ಕಿತ್ತು ಬಿಸಾಡಿ, ಎರಡು ದಿನ ಉಪವಾಸ ಹಾಕಿ. ಹಸಿದರೆ ತಾನೇ ತಿನ್ನುತ್ತಾಳೆ" ಎಂದರು. ಸದುದ್ದೇಶದಿಂದಲೇ ಆಡಿದ ಮಾತು. ಆದರೆ ಅದನ್ನು ಪಾಲಿಸಿದ್ದರೆ ಮಗು ನಮಗೆ ಉಳಿಯುತ್ತಿರಲಿಲ್ಲವೇನೋ. ವೈದ್ಯರ ಮಾತಿಲ್ಲದೆ ನಳಿಕೆಯನ್ನು ತೆಗೆಯುವುದು ಬೇರೆ, ಮಗುವಿಗೆ ಉಣ್ಣಲು ಕಲಿಸಿ ನಳಿಕೆಯೇ ಬೇಡವಾಗುವಂತೆ ಮಾಡುವುದು ಬೇರೆ.

ನಳಿಕೆಯಿಂದ ಒಂದು ನಷ್ಟವೂ ಉಂಟು. ಹೊಟ್ಟೆ ಸದಾ ತುಂಬಿರುವ ಮಗುವಿಗೆ ಹಸಿವೆಂಬುದೇ ತಿಳಿಯುವುದಿಲ್ಲ. ನುಂಗುವ ಕ್ರಿಯೆಯೊಂದಕ್ಕೆ 25ಕ್ಕೂ ಹೆಚ್ಚು ಸ್ನಾಯುಗಳು ಕ್ಷಣಾರ್ಧದಲ್ಲಿ ಒಂದರ ಹಿಂದೊಂದು ದುಡಿಯಬೇಕು. ಆ ಹೊತ್ತಿನಲ್ಲಿ ಉಸಿರು ನಿಂತು, ಶ್ವಾಸನಾಳದ ಬಾಗಿಲು ಮುಚ್ಚಬೇಕು. ಬಾಗಿಲು ತಪ್ಪಿದಾಗ ನಾವು 'ನೆತ್ತಿಗೆ ಹತ್ತಿತು' ಎಂದು ತಲೆ ತಟ್ಟುತ್ತೇವೆ. ನಿಜವಾಗಿ ಹತ್ತುವುದು ನೆತ್ತಿಗಲ್ಲ, ಉಸಿರಿನ ದಾರಿಗೆ. ಕೆಲವು ಮಕ್ಕಳಲ್ಲಿ ಕೆಮ್ಮೂ ಬಾರದೆ ಆಹಾರ ಶ್ವಾಸಕೋಶಕ್ಕೆ ಇಳಿಯುವುದುಂಟು. ಅಭ್ಯಾಸವಿಲ್ಲದ ಬಾಯಿ ಇವೆಲ್ಲವನ್ನೂ ಹೊಸದಾಗಿ ಕಲಿಯಬೇಕು. ಅದರ ಮೇಲೆ ವಾಂತಿಯ ನೆನಪು, ನಳಿಕೆ ತೂರಿಸಿದ ನೋವಿನ ನೆನಪು. ಬಾಯಿಯ ಹತ್ತಿರ ಬೆರಳು ಬಂದರೂ ಮಗು ಮುಖ ತಿರುಗಿಸುತ್ತಿತ್ತು.

ಒಂದೂವರೆ ವರ್ಷವಾದಾಗ ವೈದ್ಯರು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋಗಿರೆಂದರು. 1965ರಲ್ಲಿ ಆರಂಭವಾದ ಈ ಸಂಸ್ಥೆಯನ್ನು ಕಿವಿ ಕೇಳದವರಿಗೆ, ಮಾತು ಬಾರದವರಿಗೆ ಎಂದಷ್ಟೇ ನಮ್ಮ ಕಡೆಯವರು ಬಲ್ಲರು. "ಮಾತು ಕಲಿಸುವವರು ಊಟ ಕಲಿಸುತ್ತಾರೆಯೆ?" ಎಂದು ತಮ್ಮ ಕೇಳಿದ. ನುಡಿಯುವ ನಾಲಗೆ, ತುಟಿ, ಗಂಟಲುಗಳೇ ಅಲ್ಲವೆ ನುಂಗುವುದಕ್ಕೂ ಬೇಕಾದವು? ನುಂಗುವ ತೊಂದರೆಗೂ ಅಲ್ಲಿ ಚಿಕಿತ್ಸೆಯುಂಟು. ನುಂಗಿದ್ದು ಸರಿಯಾದ ದಾರಿಯಲ್ಲಿ ಇಳಿಯುತ್ತದೆಯೆ ಎಂಬುದನ್ನು ಮೊದಲು ಪರೀಕ್ಷಿಸಿದರು. ಅದು ಖಚಿತವಾದ ಮೇಲೆ ಕಲಿಕೆ ಮೊದಲಾಯಿತು.

ಆ ಕಲಿಕೆಯ ಮೊದಲ ಪಾಠ ಮಗುವಿಗಲ್ಲ, ನಮಗೆ. ಬಲವಂತವಾಗಿ ಬಾಯಿಗೆ ಇಡಬಾರದು. ಗದರಬಾರದು, ಒಂದು ತುತ್ತು ತಿಂದಳೆಂದು ಚಪ್ಪಾಳೆ ತಟ್ಟಲೂಬಾರದು. ನಳಿಕೆಯಲ್ಲಿ ಹಾಲು ಬಿಡುವ ಹೊತ್ತನ್ನು ಮನೆಮಂದಿಯ ಊಟದ ಹೊತ್ತಿಗೆ ಹೊಂದಿಸಬೇಕು. ಮಗುವನ್ನು ಮಲಗಿಸದೆ, ನೆಟ್ಟಗೆ ಕೂರಿಸಿ, ಅದರ ಮುಂದೆಯೂ ಒಂದು ತಟ್ಟೆ ಇಡಬೇಕು. ಮುಟ್ಟಲಿ, ಹಿಸುಕಲಿ, ಚೆಲ್ಲಲಿ, ನೆಕ್ಕಿ ಉಗುಳಲಿ. ಯಾರೂ ಏನೂ ಅನ್ನಬಾರದು. ತಮ್ಮನ ಹೆಂಡತಿಗೆ ಇದು ಸಹಿಸಲಾರದ ಮಾತಾಯಿತು. ಅನ್ನ ಚೆಲ್ಲಬಾರದೆಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಕಲಿಸುವ ಮೊದಲ ನಡತೆ. ಮಡಿಲಲ್ಲಿ ಮಲಗಿಸಿಕೊಂಡು ಒಳಲೆಯಿಂದ ಗುಟುಕು ಹಾಕುವುದನ್ನೇ ಆಕೆ ತಾಯ್ತನವೆಂದು ತಿಳಿದವಳು. "ಇದೇನು ಭಾವ, ಪ್ರಸಾದವನ್ನು ಹೀಗೆ ನೆಲಕ್ಕೆ ಚೆಲ್ಲಿಸುವುದೆ?" ಎಂದು ನನ್ನನ್ನೇ ಕೇಳಿದಳು.

ನಾನು ಹೇಳಿದ್ದು ಇಷ್ಟೆ. ಮಠದಲ್ಲಿದ್ದಾಗ ದಾಸೋಹದ ಪಂಕ್ತಿಯಲ್ಲಿ ಬಡಿಸುವ ಸೇವೆಯನ್ನು ವರ್ಷಗಟ್ಟಲೆ ಮಾಡಿದವನು ನಾನು. ಬಡಿಸುವವನು ಎಡೆಯ ಮುಂದೆ ಬಾಗಿ ಕೇಳಬೇಕು. ಉಣ್ಣುವವನು ಕೈ ಅಡ್ಡ ಹಿಡಿದರೆ ಅಲ್ಲಿಗೆ ನಿಲ್ಲಬೇಕು. ಉಂಡವರು ಎಷ್ಟು ಉಂಡರೆಂಬ ಲೆಕ್ಕ ನಮ್ಮದಲ್ಲ. ಇಕ್ಕುವುದು ನಮ್ಮ ಧರ್ಮ, ಉಣ್ಣುವುದು ಅವರ ಸ್ವಾತಂತ್ರ್ಯ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದೆಂದು ಬಲ್ಲೆವು; ಒಲ್ಲೆನೆಂದವರ ಬಾಯಿ ಬಿಡಿಸಿ ತುರುಕಿದ್ದು ಪ್ರಸಾದವಾದೀತೆ? ಪಂಕ್ತಿಯಲ್ಲಿ ಕುಳಿತ ಪರದೇಶಿಗೆ ಕೊಡುವ ಗೌರವವನ್ನು ನಮ್ಮ ಮನೆಯ ಕೂಸಿಗೆ ಕೊಡಲಾರೆವೆ? ಆಕೆ ಉತ್ತರ ಹೇಳಲಿಲ್ಲ. ಆದರೆ ಮರುದಿನ ಮಗುವಿನ ಕೆಳಗೆ ಹಾಸಲು ಹಳೆಯ ಬಟ್ಟೆಯೊಂದನ್ನು ಒಗೆದು ತಂದಳು.

ಈ ವಿಚಾರ ನನ್ನೊಬ್ಬನದೇನಲ್ಲ. ಯಾವುದನ್ನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ದೊಡ್ಡವರ ಹೊಣೆ, ಉಣ್ಣುವುದೋ ಬಿಡುವುದೋ, ಎಷ್ಟು ಎಂಬುದು ಮಗುವಿನ ಹೊಣೆ ಎಂದು ಅಮೆರಿಕೆಯ ಆಹಾರತಜ್ಞೆ ಎಲಿನ್ ಸ್ಯಾಟರ್ ದಶಕಗಳ ಹಿಂದೆಯೇ ಹೇಳಿದ್ದಾರೆ. ಆಸ್ಟ್ರಿಯಾ ದೇಶದ ಗ್ರಾಜ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಮಾರ್ಗರೀಟ್ ಡುನಿಟ್ಜ್-ಶೀರ್ ಮತ್ತು ಪೀಟರ್ ಶೀರ್ ಎಂಬ ವೈದ್ಯ ದಂಪತಿಗಳು ನಳಿಕೆಯ ಮಕ್ಕಳನ್ನು ತಿನಿಸುಗಳ ನಡುವೆ ಆಡಲು ಬಿಟ್ಟು, ಯಾರೂ ತಿನ್ನಿಸದೆ, ಮಕ್ಕಳೇ ಕೈಯಿಟ್ಟು ರುಚಿ ನೋಡುವವರೆಗೆ ಕಾಯುವ ಪದ್ಧತಿಯನ್ನು ರೂಢಿಸಿದರು. ಅಲ್ಲಿಯೂ ವೈದ್ಯರು ಮಗುವಿನ ತೂಕವನ್ನೂ ಸ್ಥಿತಿಯನ್ನೂ ನಿತ್ಯ ಗಮನಿಸುತ್ತಲೇ ನಳಿಕೆಯ ಆಹಾರವನ್ನು ಕಡಿಮೆ ಮಾಡುತ್ತಾರೆ.

ನಮ್ಮಲ್ಲಿಯೂ ಹಾಗೆಯೇ ನಡೆಯಿತು. ಹಗಲು ಹಾಲು ಬಿಡುವ ಹೊತ್ತುಗಳ ನಡುವೆ ಮೆಲ್ಲನೆ ಅಂತರ ಹೆಚ್ಚಿಸಿ, ಹಸಿವೆಂದರೇನೆಂದು ಮಗುವಿಗೆ ಪರಿಚಯ ಮಾಡಿಸಿದರು. ಬೆರಳ ತುದಿ ಚುಚ್ಚಿ ಸಕ್ಕರೆ ನೋಡುವುದನ್ನು ತಾಯಿ ಕಲಿತಳು. ವಾರಕ್ಕೊಮ್ಮೆ ತೂಕ. ನನ್ನ ಪಾಲಿನ ಕೆಲಸ ಮಗುವಿನ ಎದುರು ಕುಳಿತು ನಿಧಾನವಾಗಿ ಉಣ್ಣುವುದು. ತಿಂಗಳುಗಟ್ಟಲೆ ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ರಾಗಿ ಸರಿಯನ್ನು ಬೆರಳಿನಿಂದ ಕಲಸುವಳು, ನನ್ನ ಧೋತರಕ್ಕೆ ಒರೆಸುವಳು. ಆಲೆಮನೆಯಿಂದ ತಂದ ಹೊಸ ಬೆಲ್ಲವನ್ನು ನೆಕ್ಕಿ ಉಗುಳಿದಳು. ಒಂದು ದಿನ ನನ್ನ ತಟ್ಟೆಯ ಹುಣಸೆಹಣ್ಣಿನ ಸಾರಿಗೆ ಬೆರಳದ್ದಿ ಚೀಪಿ, ಮುಖ ಕಿವುಚಿ, ಮತ್ತೊಮ್ಮೆ ಅದ್ದಿದಳು. ಕಬ್ಬಿನ ಸೀಮೆಯ ಕೂಸು ಸಿಹಿಯನ್ನು ಬಿಟ್ಟು ಹುಳಿಯಿಂದ ಊಟ ಆರಂಭಿಸಿತು.

ಆ ಮೇಲಿನ ದಾರಿ ನೇರವಾಗಿರಲಿಲ್ಲ. ಒಂದು ಜ್ವರ ಬಂದು ಎರಡು ತಿಂಗಳ ಕಲಿಕೆಯೆಲ್ಲ ಅಳಿಸಿಹೋಯಿತು; ಮತ್ತೆ ಪೂರ್ತಿ ನಳಿಕೆ. ಆ ದಿನಗಳಲ್ಲಿ ತಾಯಿ ನನ್ನೆದುರು ಕುಳಿತು, "ದೊಡ್ಡ ಮಾವ, ನನ್ನ ಕೈಲಿ ಇನ್ನು ಆಗದು" ಎಂದು ಅತ್ತಳು. ಅಂದಿನಿಂದ ರಾತ್ರಿಯ ಒಂದು ಸರದಿಯನ್ನು ತಮ್ಮನ ಹೆಂಡತಿಯೂ ಇನ್ನೊಂದನ್ನು ಮಗುವಿನ ತಂದೆಯೂ ವಹಿಸಿಕೊಂಡರು. ಮಗು ಉಣ್ಣಬೇಕಾದರೆ ತಾಯಿ ಮೊದಲು ನಿದ್ರೆ ಮಾಡಬೇಕು. ಈ ಮಾತು ಯಾವ ಔಷಧಿ ಚೀಟಿಯಲ್ಲಿಯೂ ಬರೆದಿರುವುದಿಲ್ಲ.

ಮೂರು ವರ್ಷ ಎರಡು ತಿಂಗಳಿಗೆ ನಳಿಕೆ ಹೊರಬಂತು. ಈಗ ಅವಳಿಗೆ ಐದು ವರ್ಷ. ಮೂರು ವರ್ಷದವಳಂತೆ ಕಾಣುತ್ತಾಳೆ. ಬುದ್ಧಿ ಚುರುಕು. ಮಲಗುವ ಮುನ್ನ ಈಗಲೂ ಏನಾದರೂ ಹೊಟ್ಟೆಗೆ ಬೀಳಲೇಬೇಕು. ಬೆಳವಣಿಗೆಯ ಚಿಕಿತ್ಸೆ ಬೇರೆ ನಡೆದಿದೆ. ಗುಂಡುಗುಂಡಾಗಿ ಮಾಡಲು ಹೋಗಬೇಡಿ, ಇಂತಹ ಮಕ್ಕಳಿಗೆ ಬೇಗ ಬೊಜ್ಜು ಬಂದರೆ ಮುಂದೆ ತೊಂದರೆಯೇ ಎಂದು ವೈದ್ಯರು ಎಚ್ಚರಿಸಿದ್ದಾರೆ. ಒಂದು ಹಬ್ಬದ ದಿನ ಅಜ್ಜಿ ಎರಡನೆಯ ಸಲ ಪಾಯಸ ಬಡಿಸಲು ಬಂದಾಗ, ಮಗು ಅಂಗೈಯನ್ನು ತಟ್ಟೆಯ ಮೇಲೆ ಅಡ್ಡ ಹಿಡಿದು "ಸಾಕು ಅಜ್ಜಿ" ಎಂದಿತು. ಸೌಟು ಅಲ್ಲಿಯೇ ನಿಂತಿತು.

ಓದುಗ ಬಂಧುಗಳಲ್ಲಿ ಒಂದೆರಡು ವಿನಂತಿಗಳುಂಟು. ನಿಮ್ಮ ಮನೆಯಲ್ಲಿ ಉಣ್ಣದ, ಮೈಹತ್ತದ ಮಗುವಿದ್ದರೆ ದೃಷ್ಟಿ ತೆಗೆಯಿರಿ, ಹರಕೆ ಹೊರಿರಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಅದೇ ವಾರ ಮಕ್ಕಳ ವೈದ್ಯರಿಗೆ ತೋರಿಸಿರಿ, ನುಂಗುವ ತೊಂದರೆಯ ಪರೀಕ್ಷೆ ಬೇಕೆ ಎಂದು ಬಾಯಿಬಿಟ್ಟು ಕೇಳಿರಿ. ಇಂತಹ ಮಗು ಬಂಧುಗಳ ಮನೆಯಲ್ಲಿದ್ದರೆ ತಾಯಿಗೆ ಬುದ್ಧಿವಾದ ಹೇಳುವ ಬದಲು ಒಂದು ರಾತ್ರಿಯ ಎಚ್ಚರವನ್ನು ಹಂಚಿಕೊಳ್ಳಿರಿ. ಮದುವೆ, ಜಾತ್ರೆ, ಗೃಹಪ್ರವೇಶಗಳಿಗೆ ಅವರನ್ನು ತಪ್ಪದೆ ಕರೆಯಿರಿ. ಮೂಗಿನಲ್ಲಿ ನಳಿಕೆಯಿರುವ ಮಗುವನ್ನೂ ಪಂಕ್ತಿಯಲ್ಲಿಯೇ ಕೂರಿಸಿ, ಅದರ ಮುಂದೆಯೂ ಒಂದು ಎಲೆ ಹಾಕಿಸಿರಿ. ಉಣ್ಣುವವರ ನಡುವೆ ಕುಳಿತ ಮಗು ಉಣ್ಣುವುದನ್ನು ಕಲಿಯುತ್ತದೆ. ಅದಕ್ಕೆ ಬೇಕಾಗುವಷ್ಟು ಕಾಲವನ್ನು ಕೊಡುವ ತಾಳ್ಮೆ ನಮಗೆಲ್ಲರಿಗೂ ಬರಲಿ.