ಊಟ ಆಯ್ತಾ?

ನನಗೆ ಫೋನ್ ಅಂದ್ರೆ ಸ್ವಲ್ಪ ಅಲರ್ಜಿ. ರಿಂಗಾದ್ರೆ ಎತ್ತದೆ, ಆಮೇಲೆ ‘ಏನ್ ವಿಷ್ಯ?’ ಅಂತ ಮೆಸೇಜ್ ಹಾಕೋ ಜಾತಿ ನಾನು. ಊರಲ್ಲಿರೋ ಅಮ್ಮನಿಗೂ ವಾಟ್ಸಾಪ್ ಕಲಿಸಿಬಿಟ್ಟೆ. ದಿನಾ ನನ್ನದು ‘ಊಟ ಆಯ್ತಾ?’, ಅವಳದು ‘ಆಯ್ತು’. ಅಲ್ಲಿಗೆ ಮಗನ ಕರ್ತವ್ಯ ಮುಗೀತು!

ಕಳೆದ ಮಳೆಗಾಲದಲ್ಲಿ ಒಂದಿನ ಏನೋ ಕೇಳೋದಿತ್ತು ಅಂತ ಫೋನ್ ಮಾಡಿದೆ. ‘ಹಲೋ’ ಅಂದಾಗಲೇ ಗೊತ್ತಾಯ್ತು. ಗಂಟಲು ಕಟ್ಟಿತ್ತು, ಎರಡು ಮಾತಿಗೊಂದು ಕೆಮ್ಮು. ನಾಲ್ಕು ದಿನದಿಂದ ಜ್ವರವಂತೆ. ‘ಯಾಕಮ್ಮ ಹೇಳ್ಲಿಲ್ಲ?’ ಅಂದ್ರೆ, ‘ನೀನು ಊಟ ಆಯ್ತಾ ಅಂತ ತಾನೇ ಕೇಳಿದ್ದು’ ಅಂದ್ಳು. ನಗಬೇಕೋ ಅಳಬೇಕೋ...

ಹಾಗಂತ ಬರೆದದ್ದು ಕಮ್ಮಿ ಅಂತಲ್ಲ. 1998ರಲ್ಲಿ ನಾನು ಹಾಸ್ಟೆಲಿನಲ್ಲಿದ್ದಾಗ, ಎಸ್‌ಟಿಡಿ ಮೀಟರ್ ಓಡುತ್ತೆ ಅಂತ ಅಪ್ಪ ಫೋನ್ ಮಾಡ್ತಿರಲಿಲ್ಲ. ನೀಲಿ ಇನ್‌ಲ್ಯಾಂಡ್ ಲೆಟರಿನ ಮಡಿಕೆಯಲ್ಲೂ ಜಾಗ ಬಿಡದೆ ಬರೀತಿದ್ರು. ಆ ಕಾಗದಗಳೆಲ್ಲ ಟ್ರಂಕಿನಲ್ಲಿವೆ. ಅಪ್ಪ ಇಲ್ಲ. ಅವರ ದನಿಯೂ ಎಲ್ಲೂ ಉಳಿದಿಲ್ಲ.

ಈಗ ಅಕೌಂಟ್ ನಂಬರು, ವಿಳಾಸ, ಬಸ್ಸಿನ ಟೈಮು ಇವೆಲ್ಲ ಮೆಸೇಜಿಗೆ. ಅಮ್ಮನಿಗೆ ಮಾತ್ರ ರಾತ್ರಿ ಎಂಟೂವರೆಗೆ ಫೋನು. ಮೊನ್ನೆ ಅವಳಿಗೆ ಹೇಳಿಯೇ ಒಂದು ಕರೆ ರೆಕಾರ್ಡ್ ಮಾಡಿಟ್ಕೊಂಡೆ. ಅದರಲ್ಲಿ ಮೊದಲು ಕೇಳೋದೇ ಅವಳ ‘ಊಟ ಆಯ್ತಾ?’

ನಿಮ್ಮನೇಲಿ ಹೇಗೆ, ಫೋನಾ ಮೆಸೇಜಾ?